ಹೂಂ ಅಂದರೆ ಕೇಳಿತು ಅಂತಲ್ಲ

ವೈರ್‌ಲೆಸ್ ಕೋಣೆಯ ಕುರ್ಚಿಗೆ ಹೊಸದಾಗಿ ಬಂದು ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಚಪಲ ನನಗೆ ಮೊದಲಿನಿಂದಲೂ ಇದೆ. ನಿವೃತ್ತಿಯಾದ ಮೇಲೆ ಕೇಳುವವರು ಕಡಿಮೆಯಾಗಿ ಅದು ಇನ್ನಷ್ಟು ಹೆಚ್ಚಿದೆ. ಆದರೆ ಬರೆಯುವುದಕ್ಕೆ ಅದಷ್ಟೇ ಕಾರಣವಲ್ಲ. ಒಂದು ಬೆಳಗ್ಗೆ ನಾನು ಕಳಿಸಿದ ಮಾತು ಅರ್ಧ ದಾರಿಯಲ್ಲಿ ಬಿದ್ದುಹೋಯಿತು. ಅದರಿಂದ ಮುನಿಯಮ್ಮ ಎಂಬ ಹೆಂಗಸು ಎಡಗಾಲಿನ ಬಲ ಕಳೆದುಕೊಂಡಳು, ಅವಳ ಮೈದುನ ಕೆಂಪಣ್ಣ ಅತ್ತಿಗೆಯ ಮಾತನ್ನೇ ಕಳೆದುಕೊಂಡ. ದಾಖಲೆ ಪುಸ್ತಕದ ಪ್ರಕಾರ ನನ್ನ ತಪ್ಪೇನೂ ಇರಲಿಲ್ಲ. ಪುಸ್ತಕ ಪೂರ್ತಿ ಹೇಳಿಲ್ಲವೆಂದು ನನಗೆ ಗೊತ್ತಿತ್ತು, ಕೆಂಪಣ್ಣನಿಗೂ ಗೊತ್ತಿತ್ತು. ಮುನಿಯಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ನನ್ನ ಹೆಸರು ನಾಗರತ್ನ. ಹುಟ್ಟಿದ್ದು ತಮಿಳುನಾಡಿನ ಗಡಿಯ ಕೆಲಮಂಗಲದ ಹತ್ತಿರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಓದಿದ್ದಕ್ಕಿಂತ ಈ ಮೂರು ನಾಲಿಗೆಗಳೇ ನನಗೆ ಕೆಲಸ ಕೊಡಿಸಿದವು ಎಂದು ನನ್ನ ನಂಬಿಕೆ. ಹೊಸೂರಿನ ಅರಣ್ಯ ಕಚೇರಿಯಲ್ಲಿ ಕಿಟಕಿ ಸರಿಯಾಗಿ ಮುಚ್ಚದ ಒಂದು ಕೋಣೆ, ಮೇಜಿನ ಮೇಲೆ ವೈರ್‌ಲೆಸ್ ಸೆಟ್ಟು, ಗೋಡೆಯ ಮೇಲೆ ಕಾಡಿನ ನಕ್ಷೆ. ಸಾನಮಾವು ಕಾಡಿನ ಅಂಚಿನಲ್ಲಿ ವಾಕಿಟಾಕಿ ಹಿಡಿದ ಕಾವಲಿನವರು ಅಲ್ಲಲ್ಲಿ ನಿಂತಿರುತ್ತಿದ್ದರು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಬರುತ್ತವೆ. ಎಲ್ಲಿವೆ ಎಂದು ಒಬ್ಬ ಕಾವಲಿನವನು ನನಗೆ ಹೇಳುತ್ತಾನೆ, ನಾನು ಉಳಿದವರಿಗೆ ಹೇಳುತ್ತೇನೆ, ಅವರು ಊರಿನವರಿಗೆ ಹೇಳುತ್ತಾರೆ. ಹೆಂಗಸರು ಹೊಲಕ್ಕೆ ಹೊರಡುವ ಮೊದಲು, ಫ್ಯಾಕ್ಟರಿಯವರು ಬೈಕು ಹತ್ತುವ ಮೊದಲು ಈ ಮಾತು ಮುಟ್ಟಬೇಕು. ಕೆಲಸವೆಂದರೆ ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಗಾಳಿಯಲ್ಲಿ ಹೋಗುವ ಮಾತನ್ನು ಗುಡ್ಡ ತಿನ್ನುತ್ತದೆ, ಮಳೆ ತಿನ್ನುತ್ತದೆ, ದೊಡ್ಡ ಕರೆಂಟಿನ ತಂತಿ ತಿನ್ನುತ್ತದೆ. ಹತ್ತು ಮಾತು ಕಳಿಸಿದರೆ ಆ ಕಡೆ ಏಳೋ ಎಂಟೋ ಮುಟ್ಟುತ್ತವೆ, ಉಳಿದದ್ದು ಕರಕರ. ಯಾವುದು ಮುಟ್ಟಿತು, ಯಾವುದು ಕಳೆದುಹೋಯಿತು ಎಂದು ಕಳಿಸಿದವರಿಗೆ ತಿಳಿಯುವುದಿಲ್ಲ. ನೀವು ಗುಂಡಿ ಒತ್ತಿ ಮಾತಾಡುವಾಗ ನಿಮ್ಮ ಕಿವಿ ಮುಚ್ಚಿರುತ್ತದೆ, ಅದನ್ನು ಮರೆಯಬೇಡಿ.

ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ರಾಮಯ್ಯನವರು ನನಗೆ ಕೆಲಸ ಕಲಿಸಿದರು. ಮೊದಲ ದಿನ ಸೆಟ್ಟು ಮುಟ್ಟಲು ಬಿಡಲಿಲ್ಲ. "ಕಿಟಕಿ ತಾವ ನಿಂತ್ಕೊಂಡು ಕೆಳಗೆ ಟೀ ಅಂಗಡಿಯವನಿಗೆ ಕೂಗಿ ಯೋಳಮ್ಮ, ಮೂರು ಟೀ, ಒಂದಕ್ಕೆ ಸಕ್ಕರೆ ಬೇಡ ಅಂತ" ಎಂದರು. ರಸ್ತೆಯಲ್ಲಿ ಲಾರಿಗಳ ಸದ್ದು. ಕೂಗಿದೆ. ಅಂಗಡಿಯವನು ತಲೆಯೆತ್ತಿ "ಹೂಂ" ಎಂದ. ಸ್ವಲ್ಪ ಹೊತ್ತಿಗೆ ಮೂರು ಟೀ ಬಂದವು, ಮೂರಕ್ಕೂ ಸಕ್ಕರೆ. ಸಕ್ಕರೆ ಕಾಯಿಲೆಯ ರಾಮಯ್ಯನವರು ತಮ್ಮ ಲೋಟವನ್ನು ನನ್ನ ಮುಂದೆ ಸರಿಸಿ, "ಅವನು ಹೂಂ ಅಂದಿದ್ದು ನೀನು ಕೂಗಿದ್ದಕ್ಕೆ, ನೀನು ಯೋಳಿದ್ದಕ್ಕಲ್ಲ. ಏನ್ ಕೇಳುಸ್ತು ಅಂತ ತಿರುಗಿ ಯೋಳಿಸ್ಬೇಕು" ಎಂದರು. ಆ ದಿನ ನಾನು ಎರಡು ಟೀ ಕುಡಿದೆ.

ಹಾಗಾಗಿ ನಮ್ಮ ಕೋಣೆಯ ಪದ್ಧತಿ ತಿರುಗಿ ಹೇಳಿಸುವುದು. ನಾನು ಹೇಳಿದ್ದನ್ನು ಕಾವಲಿನವನು ತನ್ನ ಮಾತಿನಲ್ಲಿ ಒಪ್ಪಿಸಬೇಕು, ತಪ್ಪಿದ್ದರೆ ತಪ್ಪಿದ ಭಾಗವನ್ನಷ್ಟೇ ನಾನು ಮತ್ತೆ ಹೇಳಬೇಕು. ಇದು ನಮ್ಮ ಜನರಿಗೆ ಒಗ್ಗುವ ಪದ್ಧತಿಯಲ್ಲ. ನಮ್ಮ ಕಡೆ ಯಾರಾದರೂ ಮಾತಾಡುತ್ತಿದ್ದರೆ ಕೇಳುವವರು ಹೂಂಗುಟ್ಟುವುದು ಮರ್ಯಾದೆ. ಮೊಮ್ಮಗು ಹೂಂ ಅನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಹೇಳಿದ್ದನ್ನು ಹೇಳಿದ ಹಾಗೇ ತಿರುಗಿ ಒಪ್ಪಿಸಿದರೆ ಅಣಕಿಸಿದಂತೆ ಕಾಣುತ್ತದೆ. ಕೆಂಪಣ್ಣ ಕಾವಲಿಗೆ ಹೊಸದಾಗಿ ಸೇರಿದಾಗ ನನ್ನ ಮಾತಿನ ಪ್ರತಿ ತುಂಡಿಗೂ ಗುಂಡಿ ಒತ್ತಿ "ಹೂಂ ಅಕ್ಕಾ" ಎನ್ನುತ್ತಿದ್ದ. ಬೈದರೆ, "ಏನ್ ಮಾಡಾದು ಅಕ್ಕಾ, ನೀವು ಮಾತಾಡ್ತಾ ಇದ್ರೆ ಹೂಂ ಅನ್ನದೆ ಇರಾಕೆ ಬಾಯಿ ಕೇಳಾಕಿಲ್ಲ" ಎಂದು ನಗುತ್ತಿದ್ದ. ಕಾಡಿನಲ್ಲಿ ಲದ್ದಿಯ ಬಿಸಿ ನೋಡಿ ಆನೆ ಎಷ್ಟು ಹೊತ್ತಿನ ಕೆಳಗೆ ಹೋಯಿತೆಂದು ಹೇಳುವ ಆಳು. ಮಾತು ತಿರುಗಿ ಒಪ್ಪಿಸುವುದಕ್ಕೆ ಮಾತ್ರ ನಾಚಿಕೊಳ್ಳುತ್ತಿದ್ದ.

ಆಮೇಲೆ ನಮ್ಮ ಮೇಲಧಿಕಾರಿಯಾಗಿ ಸೆಲ್ವಂ ಸಾರ್ ಬಂದರು. ಹೆಸರು ಬದಲಿಸಿದ್ದೇನೆ. ಕೆಟ್ಟವರಲ್ಲ, ಅವಸರದವರು. ಒಂದು ಬೆಳಗ್ಗೆ ನನ್ನ ಪಕ್ಕ ಗಡಿಯಾರ ಹಿಡಿದು ಕೂತರು. ಒಂದು ಗಂಟೆಯಲ್ಲಿ ಎಷ್ಟು ಸುದ್ದಿ ಹೋಗುತ್ತದೆ, ಅದರಲ್ಲಿ ತಿರುಗಿ ಹೇಳಿಸುವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದುಕೊಂಡರು. "ಎನ್ನಮ್ಮಾ ಇದು, ಅರ್ಧ ಟೈಮು ಹೇಳಿದ್ದೇ ಹೇಳೋದ್ರಲ್ಲಿ ಹೋಗ್ತಿದೆ! ಕೇಳಿಸ್ತು ಅಂದ್ರೆ ಸಾಕು, ಮುಂದಿನವರಿಗೆ ಹೋಗು" ಎಂದು ತಮಿಳು ಬೆರೆಸಿದ ಕನ್ನಡದಲ್ಲಿ ಅಪ್ಪಣೆ ಕೊಟ್ಟರು.

ನಾನು ಎದುರು ಮಾತಾಡಬಹುದಿತ್ತು. ಆಡಲಿಲ್ಲ, ಯಾಕೆಂದರೆ ನನಗೂ ಇಷ್ಟವಾಯಿತು. ಮೊದಲು ಒಂದು ಸುದ್ದಿ ಹೋಗುವ ಹೊತ್ತಿನಲ್ಲಿ ಈಗ ಎರಡು ಹೋಗುತ್ತಿದ್ದವು. ನಾಗರತ್ನಳ ಬಾಯಿ ಎಂದರೆ ಬಾಯಿ ಎಂದು ಕಚೇರಿಯಲ್ಲಿ ಹೊಗಳಿದರು. ಕೆಂಪಣ್ಣನಂತೂ ಹಬ್ಬವೇ ಬಂದಂತೆ ಹೂಂಗುಟ್ಟತೊಡಗಿದ.

ಆ ಬೆಳಗ್ಗೆ ಬೆಳಕು ಆಗತಾನೆ ಹರಿದಿತ್ತು. ಆಚೆ ಕಡೆಯ ಕಾವಲಿನವನಿಂದ ಸುದ್ದಿ ಬಂತು. ನಾನು ಕೆಂಪಣ್ಣನಿಗೆ ಹೇಳಿದೆ: "ಏಳು ಆನೆ ಕಾಡಿಗೆ ವಾಪಸ್ ಹೋದವು. ಇನ್ನೆರಡು ಕೆರೆ ಏರಿ ಪಕ್ಕದ ನೀಲಗಿರಿ ತೋಪಿನಲ್ಲಿ ನಿಂತಿವೆ. ಆ ದಾರೀಲಿ ಯಾರನ್ನೂ ಬಿಡಬೇಡ."

"ಹೂಂ ಅಕ್ಕಾ" ಎಂದ.

ನಾನು ಪುಸ್ತಕದಲ್ಲಿ ಹೊತ್ತು ಬರೆದು, ಪಕ್ಕದಲ್ಲಿ ಮುಟ್ಟಿತು ಎಂದು ಗುರುತು ಹಾಕಿ, ಮುಂದಿನವನನ್ನು ಕರೆದೆ. ಕೆಂಪಣ್ಣನಿಗೆ ಕೇಳಿಸಿದ್ದು ಮೊದಲ ವಾಕ್ಯ ಮಾತ್ರ. ಉಳಿದದ್ದು ಕರಕರ. ಕರಕರ ನಿಂತಾಗ ಅಕ್ಕನ ಮಾತು ಮುಗಿದಿದೆ ಎಂದುಕೊಂಡು ಮರ್ಯಾದೆಗೆ ಹೂಂ ಎಂದ. ಊರಿನ ಬಾಗಿಲಲ್ಲಿ ಕಾದಿದ್ದ ಹೆಂಗಸರಿಗೆ, "ಕಾಡಿಗೆ ಹೋದ್ವಂತೆ, ಇನ್ನ ಹೋಗ್ಬೋದು" ಎಂದ. ಮುಂದೆ ನಡೆದವಳು ಅವನ ಸ್ವಂತ ಅತ್ತಿಗೆ ಮುನಿಯಮ್ಮ. ಕೆರೆ ಏರಿಯ ಪಕ್ಕದಲ್ಲೇ ಅವಳ ಟೊಮೆಟೊ ತೋಟ.

ಆನೆ ಅವಳನ್ನು ಸೊಂಡಿಲಿನಲ್ಲಿ ಎತ್ತಿ ಬದಿಗೆ ಎಸೆದು ಹೋಯಿತು. ಜೀವ ಉಳಿಯಿತು. ಕಾಲು ಉಳಿದೂ ಉಳಿಯದಂತಾಯಿತು.

ವಿಚಾರಣೆ ಬಹಳ ಹೊತ್ತು ನಡೆಯಲಿಲ್ಲ. ಸುದ್ದಿ ಕೊಟ್ಟೆಯಾ ಎಂದು ಕೇಳಿದರು, ಕೊಟ್ಟೆ ಎಂದೆ. ಉತ್ತರ ಬಂತಾ ಎಂದರು, ಬಂತು ಎಂದೆ. ಎರಡೂ ನಿಜ. ತಿರುಗಿ ಹೇಳಿಸುವುದನ್ನು ನಾವು ಬಿಟ್ಟಿದ್ದೆವು ಎಂಬ ಮೂರನೆಯ ಮಾತನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಸೆಲ್ವಂ ಸಾರ್ ಕಿಟಕಿಯ ಕಡೆ ನೋಡುತ್ತಿದ್ದರು. ಕೆಂಪಣ್ಣ ಕೈ ಕಟ್ಟಿಕೊಂಡು, "ಹೂಂ ಅಂದಿದ್ದು ನಿಜ ಸಾರ್" ಎಂದ. ಮೂರು ತಿಂಗಳು ಅವನನ್ನು ಕೆಲಸದಿಂದ ನಿಲ್ಲಿಸಿದರು. ಸುದ್ದಿ ಕಾವಲಿನವನಿಗೆ ಮುಟ್ಟಿತ್ತು ಎಂದು ಮುನಿಯಮ್ಮನ ಮನೆಯವರಿಗೆ ತಿಳಿಸಿದರು. ತನಗೆ ಅರ್ಧವೇ ಕೇಳಿಸಿತ್ತು ಎಂದು ಕೆಂಪಣ್ಣ ಕಾಲು ಹಿಡಿದು ಹೇಳಿದರೂ ಅವಳು ಒಂದೇ ಮಾತು ಕೇಳಿದಳಂತೆ: "ಕೇಳುಸ್ದೆ ಇದ್ರೆ ಹೂಂ ಅಂತ ಯಾಕಂದೆ?" ಅಲ್ಲಿಗೆ ಅವನ ಜೊತೆ ಮಾತು ಬಿಟ್ಟಳು. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ.

ನಾನು ಒಮ್ಮೆ ಅವಳನ್ನು ನೋಡಲು ಹಣ್ಣು ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆ. ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಹಣ್ಣನ್ನು ಬಸ್ಸಿನಲ್ಲಿ ಯಾರಿಗೋ ಕೊಟ್ಟೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಕೆಂಪಣ್ಣ ಮತ್ತೆ ಕೆಲಸಕ್ಕೆ ಬಂದ ದಿನದಿಂದ, ಸೆಲ್ವಂ ಸಾರ್ ಅವರನ್ನು ಕೇಳದೆಯೇ, ನಾವು ಹಳೆಯ ಪದ್ಧತಿಗೆ ಮರಳಿದೆವು. ಅವರು ಕಂಡೂ ಕಾಣದಂತಿದ್ದರು. ಈಗ ಕೆಂಪಣ್ಣ ನಾಚಿಕೆ ಬಿಟ್ಟಿದ್ದ. ನಾನು ಕೆಮ್ಮಿದರೆ "ಕೆಮ್ಮಿದ್ರಿ ಅಕ್ಕಾ" ಎಂದು ಅದನ್ನೂ ಒಪ್ಪಿಸುತ್ತಿದ್ದ. ಒಂದು ದಿನ ಅವನು ಒಪ್ಪಿಸಿದ್ದಕ್ಕೆ ನಾನು ಸರಿ ಎಂದೆ. "ನೀವು ಸರಿ ಅಂದಿದ್ದು ನಂಗೆ ಕೇಳುಸ್ತು ಅಕ್ಕಾ" ಎಂದ. ಆಯಿತು ಎಂದೆ. "ಆಯ್ತು ಅಂದಿದ್ದೂ ಕೇಳುಸ್ತು" ಎಂದ. "ಅಷ್ಟರಲ್ಲಿ ಆನೆ ಕರ್ನಾಟಕ ದಾಟಿರ್ತದೆ ಕಣಪ್ಪಾ, ಸಾಕು ಮಾಡು" ಎಂದೆ. ನಕ್ಕೆವು. ಇಬ್ಬರೂ ಆ ಬೆಳಗ್ಗೆಯ ಬಗ್ಗೆ ಮಾತ್ರ ಮತ್ತೆಂದೂ ಮಾತಾಡಲಿಲ್ಲ.

ಇನ್ನೊಂದು ದಿನ ಕರೆಂಟು ಹೋಗಿತ್ತು. ಹಳೆಯ ಬ್ಯಾಟರಿ, ಒಂದು ಗಂಟೆ ಮಾತಾಡಿದರೆ ಬಸವಳಿಯುತ್ತಿತ್ತು. ಕೆಂಪಣ್ಣ ಆಗ ಒಂದು ಕಲ್ಲುಕ್ವಾರಿಯ ಪಕ್ಕದ ಕಾವಲಿನಲ್ಲಿದ್ದ. ನಾನು ಹೇಳಿದ್ದರಲ್ಲಿ ಅರ್ಧವೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ನಾನು ಹಟಕ್ಕೆ ಬಿದ್ದು ಹೇಳಿದ್ದನ್ನೇ ಹೇಳುತ್ತಿದ್ದೆ, ಬ್ಯಾಟರಿ ಇಳಿಯುತ್ತಿತ್ತು. ಕೊನೆಗೆ ಅವನೇ, "ಅಕ್ಕಾ, ತಡೀರಿ. ಇಲ್ಲಿ ಕಲ್ಲು ಒಡೆಯೋ ಮಿಷಿನ್ನು ಓಡಿದಾಗೆಲ್ಲಾ ಕರಕರ ಅಂತೈತೆ. ನಿಂತಾಗ ನಾನ್ ಯೋಳ್ತೀನಿ, ಆಗ ಮಾತಾಡಿ" ಎಂದ. ಅವನ ಕಿವಿಯ ಹತ್ತಿರದ ಗದ್ದಲ ಹೊಸೂರಿನಲ್ಲಿ ಕೂತ ನನಗೆ ಹೇಗೆ ಗೊತ್ತಾಗಬೇಕು? ಅವನು "ಈಗ" ಎಂದಾಗ ಮಾತಾಡಿದೆ, "ತಡೀರಿ" ಎಂದಾಗ ಸುಮ್ಮನಾದೆ. ಆ ಬ್ಯಾಟರಿ ಮಧ್ಯಾಹ್ನದವರೆಗೂ ಬಂತು. ಒಂದು ಮಾತೂ ವ್ಯರ್ಥವಾಗಲಿಲ್ಲ.

ನನ್ನ ಕೆಲಸದ ಕೊನೆಯ ವರ್ಷ ಹೊಸ ಸೆಟ್ಟುಗಳು ಬಂದವು. ಕೂರಿಸಲು ಬಂದ ಎಂಜಿನಿಯರ್ ಅನುಪಮಾ ಮೈಸೂರಿನ ಕಡೆಯವಳು, ಹೊಸೂರಿನ ಆಲಸನತ್ತಂ ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದಳು. ಎರಡು ವಾರ ದಿನವೂ ನನ್ನ ಪಕ್ಕ ಕೂತು ನಾನು ತಿರುಗಿ ಹೇಳಿಸುವುದನ್ನು ಕೇಳಿದಳು. ಒಂದು ಮಧ್ಯಾಹ್ನ ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಲೇ, "ಅಮ್ಮ, ಬೇಜಾರು ಮಾಡ್ಕೋಬೇಡಿ. ವಾಪಸ್ ಕೇಳಿದ್ರೂ ಈ ಗಾಳಿ ದಾರೀಲಿ ಒಟ್ಟು ಹೋಗೋ ಮಾತು ಹೆಚ್ಚಾಗಲ್ಲ. ಅದನ್ನ ಲೆಕ್ಕ ಹಾಕಿ ತುಂಬಾ ಹಿಂದೇನೇ ತೋರಿಸಿದ್ದಾರೆ" ಎಂದಳು.

ನನಗೆ ಸಿಟ್ಟು ಬಂತು. ಚಿತ್ರಾನ್ನದ ಡಬ್ಬಿ ಎಳೆದುಕೊಳ್ಳುವಷ್ಟು ಸಿಟ್ಟು. "ಅಂದ್ರೆ ನಾನು ಇಷ್ಟು ವರ್ಷ ಇಲ್ಲಿ ಕೂತು ಮಾಡಿದ್ದೇನು?"

ಅವಳು ನಕ್ಕು ಬಿಡಿಸಿ ಹೇಳಿದಳು. ಹತ್ತು ಮಾತು ಹೋಗುವ ಜಾಗದಲ್ಲಿ ಎರಡನ್ನು ಗದ್ದಲ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಆ ದಾರಿ ಹೊರುವುದು ಎಂಟೇ. ನೀವು ವಾಪಸ್ ಕೇಳಿ, ಬಿದ್ದುಹೋದ ಎರಡನ್ನು ಮತ್ತೆ ಕಳಿಸಿದರೂ ಹತ್ತರ ಜಾಗದಲ್ಲಿ ಹೊಸ ಮಾತು ಸರಾಸರಿ ಎಂಟೇ ಹೋಗುವುದು. ಕೇಳದೆಯೇ ಕಳಿಸಬೇಕಾದರೆ, ಯಾವ ಎರಡು ಬಿದ್ದುಹೋದರೂ ಉಳಿದವುಗಳಿಂದ ಅವನ್ನು ಕಂಡುಹಿಡಿಯುವ ಹಾಗೆ ಮೊದಲೇ ಒಂದಕ್ಕೊಂದು ಹೆಣೆದು ಕಳಿಸಬೇಕು. ಹಾಗೆ ಹೆಣೆದರೂ ಎಂಟರ ಹತ್ತಿರಕ್ಕೆ ಹೋಗುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

"ಹಂಗೆ ಹೆಣೆಯೋಕೆ ಯಾರಿಗೆ ಬರ್ತದಮ್ಮಾ?"

"ಅದಕ್ಕೆ ಈ ಹೊಸ ಸೆಟ್ಟು. ಒಳಗೆ ಹೆಣೆಯೋ ಲೆಕ್ಕ ಇದೆ, ಉದ್ದುದ್ದ ಸರಪಳಿ ತರ. ನಿಮ್ಮ ಪದ್ಧತಿಗೆ ಬಾಯಿ, ಕಿವಿ ಇದ್ರೆ ಸಾಕು, ಅಷ್ಟು ಸುಲಭ. ತಪ್ಪಾಗಿದ್ರೆ ತಕ್ಷಣ ಗೊತ್ತಾಗುತ್ತೆ. ವಾಪಸ್ ಕೇಳೋದ್ರ ಲಾಭ ಅದು. ದಾರಿ ಅಗಲ ಆಗಲ್ಲ, ಹೋಗೋರು ಎಡವಲ್ಲ."

ನಾನು ಸ್ವಲ್ಪ ತಣ್ಣಗಾಗಿ ಕ್ವಾರಿಯ ಕಥೆ ಹೇಳಿದೆ. ಬ್ಯಾಟರಿ ಮಧ್ಯಾಹ್ನದವರೆಗೆ ಬಂದಿತ್ತಲ್ಲ, ಅದಕ್ಕೇನು ಹೇಳುತ್ತೀಯ ಎಂದೆ. ಅವಳ ಚಮಚ ಅಲ್ಲೇ ನಿಂತಿತು.

"ಅದು ಬೇರೆ ಅಮ್ಮ! ನಾನು ಹೇಳಿದ್ದು ನೆನಪಿಲ್ಲದ ಗದ್ದಲದ ಮಾತು. ಈಗ ತಿಂದಿದ್ದಕ್ಕೂ ಮುಂದೆ ತಿನ್ನೋದಕ್ಕೂ ಸಂಬಂಧವೇ ಇರಲ್ಲ, ಅಂಥದ್ದು. ನಿಮ್ಮ ಕ್ವಾರಿ ಗದ್ದಲಕ್ಕೆ ಒಂದು ನಡತೆ ಇದೆ. ಶುರುವಾದ್ರೆ ಸ್ವಲ್ಪ ಹೊತ್ತು ಇರುತ್ತೆ, ನಿಂತ್ರೆ ಸ್ವಲ್ಪ ಹೊತ್ತು ನಿಂತಿರುತ್ತೆ. ಅಂಥ ಕಡೆ ಕೇಳೋರು ಹೇಳೋರಿಗೆ ತಿಳಿಸ್ತಾ ಇದ್ರೆ, ಇರೋ ಬ್ಯಾಟರೀಲಿ ನಿಜವಾಗ್ಲೂ ಹೆಚ್ಚು ಹೋಗಬಹುದು. ಕೆಂಪಣ್ಣ ಅವರಿಗೆ ಅದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ" ಎಂದೆ. ಹೆಮ್ಮೆಯಾಯಿತು, ಡಬ್ಬಿಯನ್ನು ಮತ್ತೆ ಅವಳ ಕಡೆ ಸರಿಸಿದೆ. ಆಮೇಲೆ ಸುಮ್ಮನಿರಲಾರದೆ ಕೇಳಿದೆ: "ಕೇಳಿಸದೇ ಇದ್ದರೂ ಕೇಳಿಸಿತು ಅಂತ ವಾಪಸ್ ಬಂದರೆ?"

ಅನುಪಮಾ ಯೋಚಿಸಿ, "ಏನೂ ಬರದೇ ಇದ್ರೆ ನೀವು ಮತ್ತೆ ಹೇಳ್ತಿದ್ರಿ. ಸುಳ್ಳು ಉತ್ತರ ಬಂದ್ರೆ ಅಲ್ಲಿಗೆ ನಿಲ್ಲಿಸ್ತೀರಿ. ಅದು ಉತ್ತರ ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು" ಎಂದಳು. ಯಾವ ಬೆಳಗ್ಗೆಯ ಮಾತೆಂದು ಅವಳಿಗೆ ಗೊತ್ತಿರಲಿಲ್ಲ. ವಿಚಾರಣೆಯಲ್ಲಿ ನಾನು ಹೇಳಿದ್ದೂ ಅಂಥದೇ ಉತ್ತರ. ಅದನ್ನು ಕೇಳಿ ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದರು.

ನಿವೃತ್ತಿಯಾಗಿ ನಾಲ್ಕು ತಿಂಗಳಿಗೆ, ಅವರೆಕಾಯಿ ಕಾಲದಲ್ಲಿ, ಧೈರ್ಯ ಮಾಡಿ ಮುನಿಯಮ್ಮನ ಊರಿನ ಬಸ್ಸು ಹತ್ತಿದೆ. ಈ ಸಲ ಹಣ್ಣು ಒಯ್ಯಲಿಲ್ಲ, ಕೈಯಲ್ಲಿ ಹಣ್ಣಿದ್ದರೆ ಅದನ್ನು ಕೊಟ್ಟು ವಾಪಸ್ ಬಂದುಬಿಡುತ್ತೇನೆಂದು ನನಗೇ ಅನುಮಾನ. ಮುನಿಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಊರುಗೋಲು. ನಾನು ಯಾರೆಂದು ಹೇಳಿದೆ.

"ವೈರ್‌ಲೆಸ್ಸಿನಾಗೆ ಮಾತಾಡ್ತಿದ್ದ ಅಕ್ಕನಾ? ಧ್ವನಿ ಕೇಳಿದೀನಿ. ಕುಂತ್ಕಳಿ" ಎಂದು ಒಂದು ಹಿಡಿ ಅವರೆಕಾಯಿ ನನ್ನ ಮುಂದೆ ಹಾಕಿದಳು.

ಸುಲಿಯುತ್ತಾ ಹೇಳಿದೆ. ರಾಮಯ್ಯನವರ ಪದ್ಧತಿಯಿಂದ ಶುರು ಮಾಡಿದೆ. ಅವಳು "ಹೂಂ" ಎಂದಳು. ಸೆಲ್ವಂ ಸಾರ್ ಗಡಿಯಾರ ಹಿಡಿದು ಕೂತದ್ದು. "ಹೂಂ." ಅವರು ಬಿಡು ಎಂದರು, ನಾನು ಬಿಟ್ಟೆ, ಬೇಗ ಮುಗಿಸುವುದು ನನಗೂ ಇಷ್ಟವಾಗಿತ್ತು. "ಹೂಂ." ಆ ಬೆಳಗ್ಗೆ ನಾನು ಹೇಳಿದ ಎರಡನೆಯ ಮಾತು ಅವನಿಗೆ ಮುಟ್ಟಲೇ ಇಲ್ಲ ಎಂದೆ. ಹೂಂ ಬರಲಿಲ್ಲ. ಅವಳ ಕೈ ಕಾಯಿಯ ಮೇಲೆ ನಿಂತಿತ್ತು. ನಾನು ನಿಲ್ಲಿಸಲಿಲ್ಲ. ತಿರುಗಿ ಕೇಳುವುದು ನನ್ನ ಕೆಲಸ, ಕೇಳದೆ ಬಿಟ್ಟವಳು ನಾನು, ವಿಚಾರಣೆಯಲ್ಲಿ ಅದನ್ನು ಮುಚ್ಚಿಟ್ಟವಳೂ ನಾನು ಎಂದು ಮುಗಿಸಿದೆ.

ಅವಳು ಸುಲಿದ ಕಾಳನ್ನು ಬದಿಗಿಟ್ಟಳು. ಆಮೇಲೆ ನನ್ನ ಮುಖ ನೋಡುತ್ತಾ ನಿಧಾನವಾಗಿ ಕೇಳಿದಳು: "ಅಂದ್ರೆ, ಎಲ್ಡು ಆನೆ ನಿಂತವೆ ಅಂತ ನೀವ್ ಯೋಳಿದ್ರಿ. ಅದು ಅವನ ಕಿವೀಗೆ ಬೀಳಲೇ ಇಲ್ಲ. ಮಾತು ಮುಗೀತು ಅಂತ ಅವನು ಹೂಂ ಅಂದ. ನೀವು ಏನು ಕೇಳುಸ್ತು ಅಂತ ಕೇಳ್ಲಿಲ್ಲ. ಕೇಳಬ್ಯಾಡ ಅಂತ ಮ್ಯಾಲಿನವರು ಯೋಳಿದ್ರು, ನೀವೂ ಸುಮ್ಕಾದ್ರಿ. ಇಷ್ಟೇಯಾ?"

ಇಷ್ಟು ಸರಿಯಾಗಿ ನನ್ನ ಮಾತನ್ನು ಯಾವ ಕಾವಲಿನವನೂ ಒಪ್ಪಿಸಿರಲಿಲ್ಲ. "ಇಷ್ಟೇ" ಎಂದೆ.

"ಇಷ್ಟು ವರ್ಸ ಬೇಕಾಯ್ತಾ ಇದನ್ನ ಯೋಳಾಕೆ?" ಎಂದಳು. ಸಿಟ್ಟಿತ್ತು, ಇರಬೇಕಾದದ್ದೇ. "ನಿಮ್ಮುನ್ನ ಏನಂತ ಬೈಯಾದು ಅಂತ ಆಮ್ಯಾಕೆ ನೋಡ್ತೀನಿ."

ಊರುಗೋಲು ತೆಗೆದುಕೊಂಡು ಎದ್ದಳು. ಎಡಗಾಲು ಎಳೆಯುತ್ತಾ ನಡುಗೋಡೆಯ ಹತ್ತಿರ ಹೋಗಿ ನಿಂತು ಆಚೆಗೆ ಕೂಗಿದಳು.

"ಕೆಂಪಾ! ಕಾಪಿ ಕಾಸ್ತೀನಿ, ಬಾ ಈ ಕಡೀಕೆ."

ಆಚೆ ಕಡೆ ಏನೋ ಪಾತ್ರೆ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಅವಳು ಇನ್ನೊಂದು ಸಲ ಅದನ್ನೇ ಕೂಗಿದಳು.

"ಹೂಂ" ಎಂದಿತು ಗೋಡೆಯಾಚೆಯ ಧ್ವನಿ.

"ಹೂಂ ಅಂದ್ರೆ ಆಗಾಕಿಲ್ಲ ಕಣ್ಲಾ. ನಾನೇನಂದೆ, ಯೋಳು."

ಆಚೆ ಪಾತ್ರೆ ಎತ್ತಿಟ್ಟ ಸದ್ದಾಯಿತು.

"ಕಾಪಿ ಕಾಸ್ತೀನಿ ಬಾ ಅಂದೆ, ಅತ್ತಿಗೆ."